ಯುರೋಪಿನ ಉನ್ನತ ಶಿಕ್ಷಣದಲ್ಲಿ ಮಹಿಳೆಯರು

ಯುರೋಪಿನ ಉನ್ನತ ಶಿಕ್ಷಣದಲ್ಲಿ ಮಹಿಳೆಯರು : ವಿಶ್ವವಿದ್ಯಾಲಯವೆಂಬ ಸಂಸ್ಥೆ ಯುರೋಪಿನಲ್ಲಿ ರೂಪುಗೊಂಡು ಒಂಬೈನೂರು ವರ್ಷಗಳಾದವು. ಅಲ್ಲಿ ಮಹಿಳೆಯರು ಯಾರ ಕೃಪೆಯನ್ನೂ ಬೇಡದೆ ಹಕ್ಕಿನಿಂದ ಓದುತ್ತಿರುವುದು ಸುಮಾರು ನೂರೈವತ್ತು ವರ್ಷಗಳಿಂದ ಈಚೆಗೆ ಮಾತ್ರ. ಇಂದು ಐರೋಪ್ಯ ಒಕ್ಕೂಟದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರೇ. ಆದರೆ ಪೂರ್ಣ ಪ್ರಾಧ್ಯಾಪಕರ ಪೈಕಿ ಅವರ ಪಾಲು ಇನ್ನೂ ಮೂರರಲ್ಲೊಂದನ್ನು ಮುಟ್ಟಿಲ್ಲ. ಬಾಗಿಲು ತೆರೆದಷ್ಟು ಬೇಗ ಪೀಠ ಸಿಗಲಿಲ್ಲ ಎಂಬುದೇ ಈ ಚರಿತ್ರೆಯ ತಿರುಳು.

ಮೊದಲ ಪದವೀಧರೆಯರು

1636ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯ ಆರಂಭವಾದಾಗ ಆನಾ ಮಾರಿಯಾ ವಾನ್ ಶುರ್ಮನ್ ಎಂಬ ವಿದುಷಿಗೆ ಪಾಠ ಕೇಳಲು ಅನುಮತಿ ಸಿಕ್ಕಿತು. ಹುಡುಗರ ಕಣ್ಣಿಗೆ ಬೀಳದಂತೆ ಪರದೆಯ ಹಿಂದೆ ಕೂರಬೇಕೆಂಬುದು ಕರಾರು. 1678ರ ಜೂನ್ 25ರಂದು ಇಟಲಿಯ ಪಡುವಾದಲ್ಲಿ ವೆನಿಸ್ಸಿನ ಶ್ರೀಮಂತ ಮನೆತನದ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು. ಆಕೆ ಕೇಳಿದ್ದು ದೇವತಾಶಾಸ್ತ್ರದ ಪದವಿ. ಹೆಂಗಸು ಧರ್ಮಬೋಧೆ ಮಾಡಲಾಗದೆಂದು ಬಿಷಪ್ ಗ್ರೆಗೋರಿಯೊ ಬಾರ್ಬರಿಗೊ ಒಪ್ಪದಿದ್ದುದರಿಂದ ತತ್ತ್ವಶಾಸ್ತ್ರಕ್ಕೆ ತೃಪ್ತಿಪಡಬೇಕಾಯಿತು. ನೋಡಲು ನೆರೆದ ಜನರಿಗೆ ವಿಶ್ವವಿದ್ಯಾಲಯದ ಸಭಾಂಗಣ ಸಾಲದೆ ಪರೀಕ್ಷೆಯನ್ನು ನಗರದ ಕೆಥೆಡ್ರಲ್‌ನಲ್ಲಿ ನಡೆಸಲಾಯಿತು. ಅಷ್ಟು ಸಂಭ್ರಮಿಸಿದ ಪಡುವಾ, ಅಲ್ಲಿಯ ಪ್ರಾಧ್ಯಾಪಕನೊಬ್ಬ ತನ್ನ ಮಗಳಿಗೂ ಇದೇ ಅವಕಾಶ ಕೇಳಿದಾಗ ಆಗದೆಂದಿತು.

ಬೊಲೋನ್ಯಾದ ಲಾರಾ ಬಾಸ್ಸಿ 1732ರಲ್ಲಿ ಪದವಿಯ ಜೊತೆಗೆ ಅಧ್ಯಾಪಕಿಯ ಹುದ್ದೆಯನ್ನೂ ಪಡೆದಳು. ಸಾರ್ವಜನಿಕವಾಗಿ ಉಪನ್ಯಾಸ ಕೊಡಲು ಮಾತ್ರ ವಿಶೇಷ ಸಂದರ್ಭಗಳಿಗಾಗಿ ಕಾಯಬೇಕಿತ್ತು. ಹೀಗಾಗಿ ಈಕೆ ಮನೆಯಲ್ಲೇ ಪ್ರಯೋಗಶಾಲೆ ಕಟ್ಟಿಕೊಂಡು ನ್ಯೂಟನ್ನನ ಭೌತವಿಜ್ಞಾನ ಕಲಿಸಿದಳು. 1776ರಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪೀಠಕ್ಕೇರಿದಾಗ ಸಹಾಯಕನಾಗಿ ಕೆಲಸ ಮಾಡಿದವನು ಗಂಡನೇ. ಜರ್ಮನಿಯ ಡೊರೊಥಿಯಾ ಎರ್ಕ್ಸ್‌ಲೇಬನ್ 1754ರಲ್ಲಿ ಹಾಲೆಯಲ್ಲಿ ವೈದ್ಯಪದವಿ ಪಡೆದಳು. ಆಕೆ ನಕಲಿ ವೈದ್ಯೆಯೆಂದು ಊರಿನ ವೈದ್ಯರು ದೂರು ಕೊಟ್ಟದ್ದೇ ಪರೀಕ್ಷೆಗೆ ಕೂರಲು ನೆಪವಾಯಿತು. ಪ್ರಭಾವಿ ತಂದೆ, ಒಲಿದ ದೊರೆ ಅಥವಾ ಪೋಪ್, ಅಸಾಧಾರಣ ಪ್ರತಿಭೆ ಇವು ಕೂಡಿಬಂದಾಗ ಮಾತ್ರ ಇಂಥದು ಸಾಧ್ಯವಾಗುತ್ತಿತ್ತು. ಒಬ್ಬಳಿಗೆ ಸಿಕ್ಕಿದ್ದು ಮುಂದಿನವಳಿಗೆ ದಾರಿಯಾಗಲಿಲ್ಲ.

ಜ್ಯೂರಿಕ್‌ನ ಬಾಗಿಲು

ದಾರಿ ತೆರೆದದ್ದು ಸ್ವಿಟ್ಸರ್ಲೆಂಡಿನಲ್ಲಿ. 1833ರಲ್ಲಷ್ಟೇ ಹುಟ್ಟಿದ್ದ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಕಾಪಾಡಿಕೊಳ್ಳಬೇಕಾದ ಹಳೆಯ ಸಂಪ್ರದಾಯಗಳು ಹೆಚ್ಚಿರಲಿಲ್ಲ. 1863ರಲ್ಲಿ ರಷ್ಯಾ ತನ್ನ ವಿಶ್ವವಿದ್ಯಾಲಯಗಳಿಂದ ಹೆಣ್ಣುಮಕ್ಕಳನ್ನು ಹೊರಹಾಕಿದಾಗ ಅವರು ಹೊರಟು ಬಂದದ್ದು ಇಲ್ಲಿಗೆ. 1867ರಲ್ಲಿ ನದೇಜ್ದಾ ಸುಸ್ಲೋವಾ ಇಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದಳು. ಬೆನ್ನಿಗೇ ರಷ್ಯದ ಯುವತಿಯರ ಒಂದು ಪುಟ್ಟ ಕಾಲೊನಿಯೇ ಆ ನಗರದಲ್ಲಿ ಬೆಳೆಯಿತು. ಅವರು ಕ್ರಾಂತಿಯ ಪಾಠವನ್ನೂ ಕಲಿಯುತ್ತಿದ್ದಾರೆಂದು ಬೆದರಿದ ಜಾರ್ ಸರ್ಕಾರ 1873ರಲ್ಲಿ, ಜ್ಯೂರಿಕ್ ಬಿಡದವರಿಗೆ ರಷ್ಯದಲ್ಲಿ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲವೆಂದು ಆಜ್ಞೆ ಹೊರಡಿಸಿತು. ಹಲವರು ಬರ್ನ್ ಮತ್ತು ಪ್ಯಾರಿಸ್ಸಿಗೆ ತೆರಳಿದರು. ವಿದೇಶದಲ್ಲಿ ಓದುವುದಕ್ಕಾಗಿಯೇ ಹೆಸರಿಗಷ್ಟೇ ಮದುವೆಯಾಗಿದ್ದ ಸೋಫಿಯಾ ಕೊವಲೆವ್‌ಸ್ಕಯಾ 1874ರಲ್ಲಿ ಗ್ಯೋಟಿಂಗೆನ್‌ನಿಂದ ಗಣಿತದ ಡಾಕ್ಟರೇಟ್ ಪಡೆದು, 1889ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪೂರ್ಣ ಪ್ರಾಧ್ಯಾಪಕಿಯಾದಳು.

ಬ್ರಿಟನ್

ಬ್ರಿಟನ್ನಿನಲ್ಲಿ ವಿರೋಧ ಬೀದಿಗೂ ಇಳಿಯಿತು. 1869ರಲ್ಲಿ ಎಡಿನ್‌ಬರೊದಲ್ಲಿ ವೈದ್ಯಕೀಯ ಓದಲು ಸೇರಿದ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಸಂಗಡಿಗರು 1870ರ ನವೆಂಬರ್ 18ರಂದು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಹೊರಟಾಗ ಗುಂಪೊಂದು ಕೆಸರೆರಚಿ ತಡೆಯಿತು. ಪರೀಕ್ಷೆ ನಡೆಯುತ್ತಿದ್ದ ಕೋಣೆಯೊಳಕ್ಕೆ ಕುರಿಯೊಂದನ್ನೂ ನುಗ್ಗಿಸಲಾಯಿತು. ಜೆಕ್ಸ್-ಬ್ಲೇಕ್ ಸೇರಿ ಏಳು ಮಂದಿಯಿದ್ದ ಆ ತಂಡಕ್ಕೆ ಕೊನೆಗೂ ಅಲ್ಲಿ ಪದವಿ ಸಿಗಲಿಲ್ಲ. ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರ ಪದವಿ ಕೊಟ್ಟದ್ದು 2019ರಲ್ಲಿ. ಲಂಡನ್ ವಿಶ್ವವಿದ್ಯಾಲಯ ಮಾತ್ರ 1878ರಲ್ಲೇ ಮಹಿಳೆಯರಿಗೆ ಪದವಿ ತೆರೆಯಿತು.

ಕೇಂಬ್ರಿಜ್‌ನದು ವಿಚಿತ್ರ ಪ್ರಕರಣ. ಗರ್ಟನ್ (1869), ನ್ಯೂನಮ್ (1871) ಕಾಲೇಜುಗಳ ಹುಡುಗಿಯರು ಪರೀಕ್ಷೆ ಬರೆಯಬಹುದಿತ್ತು, ಗೆಲ್ಲಬಹುದಿತ್ತು, ಪದವಿ ಮಾತ್ರ ಇಲ್ಲ. 1890ರಲ್ಲಿ ಫಿಲಿಪಾ ಫಾಸೆಟ್ ಗಣಿತದ ಟ್ರೈಪಾಸ್‌ನಲ್ಲಿ ಎಲ್ಲ ಗಂಡಸರನ್ನೂ ಮೀರಿಸಿದಾಗ ಆಕೆಯ ಸ್ಥಾನವನ್ನು 'ಸೀನಿಯರ್ ರಾಂಗ್ಲರ್‌ಗಿಂತ ಮೇಲೆ' ಎಂದು ಓದಿ ಹೇಳಲಾಯಿತು. ಆ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ಸಲ್ಲುವ ರಾಂಗ್ಲರ್ ಎಂಬ ಬಿರುದು ಹೆಣ್ಣಿಗಿರಲಿಲ್ಲ. 1897ರಲ್ಲಿ ಪದವಿಯ ಪ್ರಶ್ನೆ ಮತಕ್ಕೆ ಬಂದ ದಿನ ಸೈಕಲ್ ಏರಿದ ಹೆಂಗಸಿನ ಬೊಂಬೆಯನ್ನು ಬೀದಿಯ ಮೇಲೆ ತೂಗುಹಾಕಿದರು. 1921ರಲ್ಲಿ ಇನ್ನೊಮ್ಮೆ ಸೋಲಾದಾಗ ಗೆದ್ದ ಉತ್ಸಾಹದಲ್ಲಿ ಹುಡುಗರು ಕೈಗಾಡಿಯಿಂದ ಗುದ್ದಿ ನ್ಯೂನಮ್‌ನ ಕಂಚಿನ ಗೇಟುಗಳನ್ನು ಮುರಿದರು. ಪೂರ್ಣ ಪದವಿ ಬಂದದ್ದು 1948ರಲ್ಲಿ.

ಆಕ್ಸ್‌ಫರ್ಡ್ 1920ರಲ್ಲಿ ಪದವಿ ಕೊಟ್ಟಿತು. ಈ ಕಥೆಗೆ ಬೆಳಗಾವಿಯ ಒಂದು ಎಳೆಯೂ ಇದೆ. ನಾಸಿಕದಲ್ಲಿ ಹುಟ್ಟಿ ಬೆಳಗಾವಿ ಮತ್ತು ಪುಣೆಗಳಲ್ಲಿ ಬಾಲ್ಯ ಕಳೆದ ಕಾರ್ನೇಲಿಯಾ ಸೊರಾಬ್ಜಿ 1889ರಲ್ಲಿ ಸಮರ್‌ವಿಲ್‌ಗೆ ಸೇರಿ, ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆಯಾದಳು. 1892ರಲ್ಲಿ ವಿಶೇಷ ಅನುಮತಿಯ ಮೇಲೆ ಬಿಸಿಎಲ್ ಎಂಬ ಕಾನೂನು ಪದವಿಯ ಪರೀಕ್ಷೆ ಬರೆದಳು. ಪದವಿ ಕೈಗೆ ಬಂದದ್ದು ಮೂವತ್ತು ವರ್ಷಗಳ ನಂತರ, 1922ರಲ್ಲಿ.

ಜರ್ಮನಿ : ಮುಂದಕ್ಕೆ, ಹಿಂದಕ್ಕೆ

ಬಾಡೆನ್ ರಾಜ್ಯ 1900ರಲ್ಲಿ, ಪ್ರಷ್ಯಾ 1908ರಲ್ಲಿ ಮಹಿಳೆಯರಿಗೆ ಪ್ರವೇಶ ಕೊಟ್ಟವು. ಬೋಧಿಸುವ ಅರ್ಹತೆಯಾದ ಹಬಿಲಿಟೇಷನ್ ಬೇರೆಯೇ ಮೆಟ್ಟಿಲು. 1915ರಲ್ಲಿ ಗ್ಯೋಟಿಂಗೆನ್‌ಗೆ ಬಂದ ಎಮ್ಮಿ ನ್ಯೋಥರ್ ಕೊಡುತ್ತಿದ್ದ ಉಪನ್ಯಾಸಗಳನ್ನು ಡೇವಿಡ್ ಹಿಲ್ಬರ್ಟನ ಹೆಸರಿನಲ್ಲಿ ಪ್ರಕಟಿಸಬೇಕಾಗಿತ್ತು. 1919ರಲ್ಲಿ ಅರ್ಹತೆ ಸಿಕ್ಕಿತು, ಖಾಯಂ ಪೀಠ ಎಂದೂ ಸಿಗಲಿಲ್ಲ. 1933ರಲ್ಲಿ ಯಹೂದಿಯೆಂಬ ಕಾರಣಕ್ಕೆ ನಾತ್ಸಿ ಸರ್ಕಾರ ಆಕೆಯನ್ನು ಹೊರಹಾಕಿತು. ಅದೇ ವರ್ಷದ ಕೊನೆಗೆ ಹೊಸ ವಿದ್ಯಾರ್ಥಿಗಳಲ್ಲಿ ಮಹಿಳೆಯರು ಹತ್ತರಲ್ಲೊಬ್ಬರನ್ನು ಮೀರಬಾರದೆಂಬ ಮಿತಿಯೂ ಬಂತು. ಪಡೆದ ಹಕ್ಕು ಸುಲಭವಾಗಿ ಹಿಂದಕ್ಕೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಕಡಿಮೆ.

ಇಂದಿನ ಸ್ಥಿತಿ

2022ರಲ್ಲಿ ಐರೋಪ್ಯ ಒಕ್ಕೂಟದ 25–34 ವಯಸ್ಸಿನವರ ಪೈಕಿ ಉನ್ನತ ಶಿಕ್ಷಣ ಮುಗಿಸಿದ ಮಹಿಳೆಯರು ಸುಮಾರು ಶೇ. 48, ಪುರುಷರು ಸುಮಾರು ಶೇ. 37. ಡಾಕ್ಟರೇಟ್‌ನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಸಮ. ಹಂತಹಂತದ ಪಾಲನ್ನು ನಕ್ಷೆಯಲ್ಲಿ ಬರೆದರೆ ಆಮೇಲೆ ಗೆರೆ ತಿರುಗುತ್ತದೆ. ಐರೋಪ್ಯ ಆಯೋಗ 2003ರಿಂದ ಮೂರು ವರ್ಷಕ್ಕೊಮ್ಮೆ ತರುತ್ತಿರುವ 'ಶಿ ಫಿಗರ್ಸ್' ವರದಿಯ 2021ರ ಆವೃತ್ತಿಯ ಪ್ರಕಾರ ಅತ್ಯುನ್ನತ ದರ್ಜೆಯ ಪ್ರಾಧ್ಯಾಪಕರಲ್ಲಿ ಮಹಿಳೆಯರು ಶೇ. 26.2, ಸಂಸ್ಥೆಗಳ ಮುಖ್ಯಸ್ಥರಲ್ಲಿ ಶೇ. 23.6. ಕೆಳಗಿನ ಹಂತಗಳಲ್ಲಿ ಮೇಲಿರುವ ಮಹಿಳೆಯರ ಗೆರೆ ನಡುವೆ ಪುರುಷರ ಗೆರೆಯನ್ನು ಹಾದು ಕೆಳಗಿಳಿಯುವುದರಿಂದ ಈ ನಕ್ಷೆಗೆ ಕತ್ತರಿಯ ಹೆಸರು ಬಂದಿದೆ. ಪಡುವಾದಲ್ಲಿ ಮೊದಲ ಮಹಿಳಾ ರೆಕ್ಟರ್ ಡಾನಿಯೆಲಾ ಮಪೆಲ್ಲಿ ಅಧಿಕಾರ ವಹಿಸಿಕೊಂಡದ್ದು 2021ರಲ್ಲಿ. ಅಷ್ಟರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಎಂಟುನೂರು ವರ್ಷ ತುಂಬುತ್ತಿತ್ತು.

ವಿಷಯಗಳ ಹಂಚಿಕೆಯೂ ಅಸಮ. ಶಿಕ್ಷಣ ಮತ್ತು ಆರೋಗ್ಯ ವಿಭಾಗಗಳಲ್ಲಿ ಹುಡುಗಿಯರೇ ಹೆಚ್ಚು, ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನದಲ್ಲಿ ಅವರು ಐದರಲ್ಲೊಬ್ಬರು. ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಸಂಶೋಧಕರ ಪೈಕಿ ಅರ್ಧದಷ್ಟು ಮಹಿಳೆಯರಿದ್ದರೆ, ಸಿರಿವಂತ ಜರ್ಮನಿಯಲ್ಲಿ ಮೂರರಲ್ಲೊಂದೂ ಇಲ್ಲ. ಸೋವಿಯತ್ ಕಾಲದ ಪರಂಪರೆ ಇದಕ್ಕೆ ಒಂದು ಕಾರಣ. ಸಂಬಳ ಕಡಿಮೆಯಿರುವ ಕಡೆ ಗಂಡಸರು ಸಂಶೋಧನೆ ಬಿಟ್ಟು ಬೇರೆ ಕೆಲಸ ಹಿಡಿಯುವುದು ಇನ್ನೊಂದು. ಆದ್ದರಿಂದ ಈ ಅಂಕಿಯನ್ನು ಬರಿಯ ಹೆಗ್ಗಳಿಕೆಯಾಗಿ ಓದಬಾರದು.

ಅರ್ಹತೆಯನ್ನು ಅಳೆಯುವ ತಕ್ಕಡಿಯೇ ವಾಲಿದೆಯೆ? ಸ್ವೀಡನ್ನಿನ ಕ್ರಿಸ್ಟಿನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಇದನ್ನು ಲೆಕ್ಕ ಹಾಕಿಯೇ ತೋರಿಸಿದರು. ವೈದ್ಯಕೀಯ ಸಂಶೋಧನಾ ಮಂಡಳಿ ಫೆಲೊಶಿಪ್‌ಗಳಿಗೆ ಕೊಟ್ಟ ಗೋಪ್ಯ ಅಂಕಗಳನ್ನು ದಾಖಲೆಗಳ ಮುಕ್ತತೆಯ ಕಾನೂನಿನ ಬಲದಿಂದ ಹೊರತೆಗೆಸಿ, ಅರ್ಜಿದಾರರ ಪ್ರಕಟಣೆಗಳೊಡನೆ ಹೋಲಿಸಿದರು. ಗಂಡಸಿಗೆ ಸಿಗುವಷ್ಟೇ ಅಂಕ ಸಿಗಬೇಕಾದರೆ ಹೆಂಗಸು ಸುಮಾರು ಎರಡೂವರೆ ಪಟ್ಟು ಸಾಧಿಸಿರಬೇಕಿತ್ತು. ಪರಿಶೀಲಕರಲ್ಲಿ ಪರಿಚಯಸ್ಥರಿದ್ದವರಿಗೂ ಹೆಚ್ಚು ಅಂಕ ಬಂದಿತ್ತು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಈ ಲೇಖನ, ಲಿಂಗಸಮಾನತೆಯಲ್ಲಿ ಮಾದರಿಯೆನಿಸಿದ್ದ ದೇಶದಿಂದಲೇ ಬಂದದ್ದರಿಂದ ಯುರೋಪಿನಾದ್ಯಂತ ಸದ್ದು ಮಾಡಿತು.

ನೀತಿ ಮತ್ತು ವಿವಾದ

ಮೀಸಲಾತಿಯಂಥ ಕ್ರಮಗಳಿಗೆ ಯುರೋಪಿನ ಕಾನೂನು ಬಿಗಿ ಲಗಾಮು ಹಾಕಿದೆ. ಸ್ವೀಡನ್ 1995ರಲ್ಲಿ ಕಡಿಮೆ ಪ್ರಾತಿನಿಧ್ಯವಿರುವ ಲಿಂಗದವರಿಗೆಂದು ಕೆಲವು ಪ್ರಾಧ್ಯಾಪಕ ಹುದ್ದೆಗಳನ್ನು ಸೃಷ್ಟಿಸಿತು. ಹೆಚ್ಚು ಅರ್ಹತೆಯಿರುವವರನ್ನು ಬಿಟ್ಟು ಕಡಿಮೆ ಅರ್ಹತೆಯವರನ್ನು ಲಿಂಗದ ಆಧಾರದ ಮೇಲೆ ತಾನಾಗಿ ಆರಿಸುವುದು ಸಲ್ಲದೆಂದು ಐರೋಪ್ಯ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯ 2019ರಲ್ಲಿ ಹೊಸ ಹುದ್ದೆಗಳಿಗೆ ಮೊದಲ ಆರು ತಿಂಗಳು ಮಹಿಳೆಯರಿಂದ ಮಾತ್ರ ಅರ್ಜಿ ಕರೆಯಲು ತೊಡಗಿದಾಗಲೂ ಆಕ್ಷೇಪ ಬಂದು, ಯೋಜನೆಯನ್ನು ತಿದ್ದಬೇಕಾಯಿತು.

ಕಾನೂನಿಗಿಂತ ಹಣ ಹೆಚ್ಚು ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. 2022ರಿಂದ ಐರೋಪ್ಯ ಒಕ್ಕೂಟದ 'ಹರೈಸನ್ ಯುರೋಪ್' ಸಂಶೋಧನಾ ಅನುದಾನ ಬೇಕಾದ ವಿಶ್ವವಿದ್ಯಾಲಯ ತನ್ನ ಲಿಂಗಸಮಾನತಾ ಯೋಜನೆಯನ್ನು ಪ್ರಕಟಿಸಿ, ಅದಕ್ಕೆ ಸಿಬ್ಬಂದಿ ಒದಗಿಸಿ, ವರ್ಷವರ್ಷ ಅಂಕಿಅಂಶ ಕೊಡಬೇಕು. ಕಾಗದದ ಮೇಲೆ ಯೋಜನೆ ಇದ್ದ ಮಾತ್ರಕ್ಕೆ ನೇಮಕಾತಿ ಬದಲಾಗುವುದಿಲ್ಲ ಎಂಬ ಟೀಕೆಯೂ ಇದೆ. ಇನ್ನೊಂದೆಡೆ ಹಂಗೇರಿ ಸರ್ಕಾರ 2018ರಲ್ಲಿ ಲಿಂಗ ಅಧ್ಯಯನದ ಸ್ನಾತಕೋತ್ತರ ಕೋರ್ಸುಗಳ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಬುಡಾಪೆಸ್ಟ್‌ನ ಎರಡು ವಿಶ್ವವಿದ್ಯಾಲಯಗಳಲ್ಲಿ ಆ ಕೋರ್ಸು ನಡೆಯುತ್ತಿತ್ತು. ಅವುಗಳಲ್ಲೊಂದಾದ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯ ಮುಂದಿನ ವರ್ಷ ಬೇರೊಂದು ಕಾನೂನಿನ ಒತ್ತಡದಿಂದ ವಿಯೆನ್ನಾಕ್ಕೆ ಹೋಯಿತು. ಲಿಂಗ ಅಧ್ಯಯನದ ಪಾಠ ಈಗ ಅಲ್ಲಿ ನಡೆಯುತ್ತಿದೆ.