ಮಾತ್ರೆ ಕೊಟ್ಟರು, ಊಟ ಆಯ್ತಾ ಅಂತ ಕೇಳಲಿಲ್ಲ



ನಮ್ಮ ದೊಡ್ಡಪ್ಪ ಟಿ.ಬಿ.ಯಿಂದ ತೀರಿಹೋದಾಗ ಮಾತ್ರೆ ಇನ್ನೂ ಗೂಡಿನಲ್ಲೇ ಇದ್ವು. ನುಂಗದೆ ಸತ್ತರು ಅಂತ ಎಲ್ಲರೂ ಅವರನ್ನೇ ಬೈದರು. ಬರೀ ಹೊಟ್ಟೆಗೆ ನುಂಗಿದ್ರೆ ವಾಂತಿ ಬರುತ್ತೆ ಅಂತ ಅವರು ಹೇಳ್ತಿದ್ದದ್ದನ್ನ ಯಾರೂ ಬರೆದುಕೊಳ್ಳಲಿಲ್ಲ. ಗುಮಾಸ್ತನಾಗಿ ನನಗೆ ಗೊತ್ತು, ಕಾಲಂ ಇಲ್ಲದ ವಿಷಯ ಸರ್ಕಾರದ ಕಣ್ಣಿಗೆ ಬೀಳಲ್ಲ. ಊಟದ ಕಾಲಂ ಬಿಟ್ಟುಹೋಗಿದ್ದಕ್ಕೂ ಒಂದು ಚರಿತ್ರೆ ಇದೆ.

ಔಷಧಿ ಇಲ್ಲದ ಕಾಲದಲ್ಲಿ ಸ್ಯಾನಟೋರಿಯಂಗಳಲ್ಲಿ ಹಾಲು, ಮೊಟ್ಟೆ, ವಿಶ್ರಾಂತಿಯೇ ಚಿಕಿತ್ಸೆ. ಹಾಸಿಗೆ ಸಿಗ್ತಿದ್ದದ್ದು ಕೆಲವರಿಗೆ ಮಾತ್ರ. 1956ರಲ್ಲಿ ಮದ್ರಾಸಿನಲ್ಲಿ ಒಂದು ಪ್ರಯೋಗ ಶುರುವಾಯ್ತು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಂ, ಉಳಿದವರಿಗೆ ಮನೆ. ಔಷಧಿ ಮಾತ್ರ ಒಂದೇ. 1959ರಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರ ಊಟ ಕಳಪೆ, ಆದ್ರೂ ಗುಣವಾದವರು ಹೆಚ್ಚುಕಮ್ಮಿ ಸಮ. ಹಾಸಿಗೆ ಸಿಗದ ಲಕ್ಷಾಂತರ ಜನಕ್ಕೆ ಇದು ನಿಜಕ್ಕೂ ಗೆಲುವೇ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ರೂಪುಗೊಂಡು 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವೂ ಮನೆ ಚಿಕಿತ್ಸೆಯ ದಾರಿಯನ್ನೇ ಹಿಡೀತು. ಆದರೆ 'ಊಟ ಕಮ್ಮಿಯಿದ್ರೂ ಔಷಧಿ ಕೆಲಸ ಮಾಡುತ್ತೆ' ಅನ್ನೋ ಮಾತು ನಿಧಾನಕ್ಕೆ 'ಊಟದ ಚಿಂತೆ ಬೇಡ' ಅಂತಾಗೋಯ್ತು.

ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡೋಕೆ ಶುರುವಾದದ್ದು 2018ರಲ್ಲಿ. ಅದು 1000 ಆಗಿದ್ದು 2024ರ ನವೆಂಬರ್‌ನಲ್ಲಿ.

ಈ ನಡುವೆ ಮಂಗಳೂರಿನಲ್ಲಿ ಪಾಠ ಮಾಡುವ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ರೋಗಿಗಳ ಮನೆಗಳಿಗೆ ರೇಷನ್ ತಲುಪಿಸಿ ನೋಡಿದ್ರು. ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಅಪೌಷ್ಟಿಕರು. 2023ರಲ್ಲಿ ಪ್ರಕಟವಾದ ಲೆಕ್ಕ ಇದು: ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61 ಕಮ್ಮಿ. ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟ ಕಡೆ ಹೊಸದಾಗಿ ಟಿ.ಬಿ. ಬರೋದು ಶೇ. 39 ಇಳೀತು. ಅಂದ್ರೆ ಯಾರು ಉಳೀತಾರೆ ಅನ್ನೋದನ್ನ ತೂಕದ ಯಂತ್ರವೂ ಹೇಳುತ್ತೆ.

ಈಗ ಯೋಚನೆ ಮಾಡಿ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಟ್ಟರೆ ಗಲಾಟೆ ಎಬ್ಬಿಸೋರು ಯಾರ ಮಕ್ಕಳ ತಟ್ಟೆಗೆ ಕೈ ಹಾಕ್ತಿದ್ದಾರೆ?

ನಿಮ್ಮ ಕೇರೀಲಿ ಯಾರಾದ್ರೂ ಟಿ.ಬಿ. ಮಾತ್ರೆ ತಗೊಳ್ತಿದ್ರೆ ಮೂರು ಪ್ರಶ್ನೆ ಕೇಳಿ. ತೂಕ ಎಷ್ಟು ಏರಿತು? ದುಡ್ಡು ಬಂತಾ? ಊಟ ಆಯ್ತಾ? ದುಡ್ಡು ಬಂದಿಲ್ಲ ಅಂದ್ರೆ ನನಗೆ ಹೇಳಿ, ಅರ್ಜಿ ನಾನೇ ಬರೆದುಕೊಡ್ತೀನಿ.