ಬೆಟ್ಟದ ಮರವೂ ಬೇರಿನ ಮಣ್ಣೂ

ಮಂಗಳೂರಿನ ಬಂದರಿನಿಂದ ದೋಣಿಯಲ್ಲಿ ಫಲ್ಗುಣಿಯನ್ನು ದಾಟಿದರೆ ಬೆಂಗ್ರೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ಪಟ್ಟಿ. ಈ ಕರಾವಳಿಯ ಮರಳಿನಲ್ಲಿ ಬೇರೂರಿ, ಕಡಲ ಗಾಳಿಗೆ ಬಾಗಿ ನಿಲ್ಲುವ ಗಾಳಿಮರವನ್ನು ಕಂಡು ಪೈನ್ ಮರವೆಂದು ಭ್ರಮಿಸುವವರುಂಟು. ಘಟ್ಟದ ಮೇಲಿನವರು ಸರ್ವೆಯೆಂದು ಕರೆಯುವ ಇದು ಬೇರೆಯೇ ಕುಲದ್ದು. ಅದರ ಸೂಜಿಗಳು ಗೆಣ್ಣುಗೆಣ್ಣಾದ ಎಳೆಯ ರೆಂಬೆಗಳು. ಪೈನ್ ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವುದೇ ಇಲ್ಲ. ಆದರೂ ಕುಂಡದಲ್ಲಿ ಕುಬ್ಜವೃಕ್ಷವನ್ನು ಸಾಕುವ ಬೋನ್ಸಾಯ್ ಕಲೆಯಲ್ಲಿ ಈ ಎರಡಕ್ಕೂ ಸಲ್ಲುವ ಪ್ರಶ್ನೆಯೊಂದಿದೆ: ಹುಟ್ಟಿದ ನೆಲದಿಂದ ಕಿತ್ತು ತಂದ ಮರ ಬದುಕುವುದು ಹೇಗೆ?

ಈ ಕಲೆಯ ಮೂಲ ಚೀನ. ಕ್ರಿ.ಶ. ೭೦೬ರ ರಾಜಕುಮಾರನೊಬ್ಬನ ಗೋರಿಯ ಭಿತ್ತಿಚಿತ್ರದಲ್ಲಿ, ಪುಟ್ಟ ಗಿಡಗಳಿರುವ ತಟ್ಟೆಯನ್ನು ಹಿಡಿದ ಪರಿಚಾರಕನಿದ್ದಾನೆ. ಜಪಾನಿನ ೧೩೦೯ರ ಚಿತ್ರಸುರುಳಿಯಲ್ಲಿಯೂ ಕುಂಡದ ಮರಗಳು ಕಾಣುತ್ತವೆ. ಬಂಡೆಯ ಬಿರುಕಿನಲ್ಲಿ, ಹಿಮದ ಭಾರಕ್ಕೂ ಗಾಳಿಯ ಹೊಡೆತಕ್ಕೂ ಕುಗ್ಗಿ ನೂರಾರು ವರ್ಷ ಬಾಳಿದ ಪೈನಿನ ಮುಪ್ಪನ್ನು ಯಾವ ತೋಟಗಾರನೂ ಸೃಷ್ಟಿಸಲಾರ. ಆದುದರಿಂದಲೇ ಅದನ್ನು ಬೆಟ್ಟದಿಂದ ತರುವ ಕಸುಬು ಜಪಾನಿನಲ್ಲಿ ಬೆಳೆಯಿತು. ಹಾಗೆ ತಂದ ಮರಕ್ಕೆ ‘ಯಾಮಾದೋರಿ’ ಎಂದು ಹೆಸರು. ಬೆಟ್ಟದಿಂದ ತೆಗೆದದ್ದು ಎಂದರ್ಥ.

ತೆಗೆಯುವುದು ಸುಲಭ, ಉಳಿಸುವುದು ಕಷ್ಟ. ನೀರನ್ನು ಹುಡುಕುತ್ತ ಬೇರು ಬಲು ದೂರ ಹರಿದಿರುತ್ತದೆ; ನೀರು ಹೀರುವ ಎಳೆಬೇರುಗಳು ಅದರ ತುದಿಯಲ್ಲಿರುತ್ತವೆ. ಅವು ಕಡಿದುಹೋದರೂ ಸೂಜಿಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಇದಲ್ಲದೆ ಪೈನಿನ ಬೇರಿಗೆ ಒಂದು ಬಗೆಯ ಶಿಲೀಂಧ್ರ ಹೆಣೆದುಕೊಂಡು ನೀರನ್ನೂ ಲವಣಗಳನ್ನೂ ಒದಗಿಸುತ್ತದೆ. ಹಳೆಯ ಮಣ್ಣನ್ನು ಪೂರ್ತಿ ತೊಳೆದರೆ ಈ ಜತೆಗಾರನೂ ಹೋಗುತ್ತಾನೆ. ಬಲ್ಲವರು ಹಳೆಯ ಮಣ್ಣನ್ನು ಉಳಿಸಿಕೊಂಡು, ನೀರು ನಿಲ್ಲದ ಹರಳುಮಣ್ಣಿನ ಪೆಟ್ಟಿಗೆಯಲ್ಲಿ ಮರವನ್ನು ಅಲುಗದಂತೆ ಬಿಗಿದು, ಗಾಳಿಯ ಮರೆಯಲ್ಲಿಟ್ಟು, ಹೊಸ ಚಿಗುರು ಬಲಿಯುವವರೆಗೆ ವರ್ಷಗಟ್ಟಲೆ ಕತ್ತರಿ ತಾಗಿಸುವುದಿಲ್ಲ.

ಇನ್ನೂ ತಾಳ್ಮೆಯ ದಾರಿಯೊಂದುಂಟು. ಕೀಳುವ ಒಂದೆರಡು ವರ್ಷ ಮೊದಲೇ ಬುಡದ ಸುತ್ತ ಅಗೆದು, ದೊಡ್ಡ ಬೇರುಗಳನ್ನು ಕತ್ತರಿಸಿ, ಅಲ್ಲಿಯೇ ಎಳೆಬೇರು ಹುಟ್ಟಲು ಬಿಡುವುದು. ಇದು ‘ನೆಮವಾಶಿ’. ಜಪಾನಿನ ಕಚೇರಿಗಳಲ್ಲಿ, ಸಭೆಗೆ ಮುನ್ನ ಒಬ್ಬೊಬ್ಬರನ್ನಾಗಿ ಒಪ್ಪಿಸುವುದಕ್ಕೂ ಇಂದು ಇದೇ ಮಾತು!

ಆರೈಕೆಯ ಬಲಕ್ಕೆ ಹಿರೋಶಿಮಾದ ಪೈನೊಂದು ಸಾಕ್ಷಿ. ೧೬೨೫ರಿಂದ ಕುಂಡದಲ್ಲಿ ಬೆಳೆದ ಅದು, ೧೯೪೫ರ ಆಗಸ್ಟ್ ೬ರಂದು ಬಾಂಬು ಸಿಡಿದೆಡೆಯಿಂದ ಸುಮಾರು ೩ ಕಿಲೋಮೀಟರು ದೂರದಲ್ಲಿದ್ದೂ ಉಳಿಯಿತು. ಯಾಮಾಕಿ ಮನೆತನ ೧೯೭೬ರಲ್ಲಿ ಅದನ್ನು ಬಾಂಬು ಹಾಕಿದ ಅಮೆರಿಕೆಗೇ ಕಾಣಿಕೆಯಿತ್ತಿತು. ಮರ ಕಂಡ ಆ ದಿನದ ಕತೆ ಅಲ್ಲಿಯವರಿಗೆ ತಿಳಿದದ್ದು ೨೦೦೧ರಲ್ಲಿ, ಮೊಮ್ಮಕ್ಕಳು ಅದನ್ನು ನೋಡಹೋದಾಗ.

ಆದರೆ ಒಂದು ಮರ ಕುಂಡದಲ್ಲಿ ಬಾಳಿತೆಂದರೆ ಬೆಟ್ಟ ಬೋಳಾದುದಕ್ಕೆ ಸಮಾಧಾನವಾದೀತೆ? ಆಜುಮ ಪರ್ವತ ೧೯೫೦ರಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಸೇರಿತು. ಅಲ್ಲಿನ ಪೈನಿನ ಬೀಜ ಬಿತ್ತಿ, ಬೆಟ್ಟದ ಚೆಲುವನ್ನು ಕುಂಡದಲ್ಲಿ ಮೂಡಿಸುವ ಕೆಲಸವನ್ನು ಫುಕುಶಿಮಾದ ಆಬೆ ಮನೆತನ ಮೂರು ತಲೆಮಾರುಗಳಿಂದ ನಡೆಸಿದೆ. ಕಿತ್ತು ತರುವ ಕಲೆ ಹೀಗೆ ಬಿತ್ತುವ ಕಲೆಯಾಗಿ ತಿರುಗಿತು.

ಈ ಇತಿಹಾಸ ನಮಗೂ ಬೇಕು. ಇಂಡೊನೇಶ್ಯದ ಮಡುರಾ ದ್ವೀಪದ ಗಾಳಿಮರ ಬೋನ್ಸಾಯ್ ಪ್ರಿಯರಿಗೆ ಅಚ್ಚುಮೆಚ್ಚು. ನಮ್ಮ ಕಡಲತಡಿಯ ಮೇಲೂ ಅಂಥ ಕಣ್ಣು ಬೀಳಬಹುದು. ಗಾಳಿಮರಕ್ಕೂ ಜತೆಗಾರರಿದ್ದಾರೆ: ಬೇರುಗಂಟುಗಳಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಅದಕ್ಕೆ ಉಣಿಸುತ್ತವೆ. ಬರಿಯ ಮರಳಿನಲ್ಲಿ ಅದು ಬದುಕುವ ಗುಟ್ಟು ಇದು. ಬದುಕಿ, ಆ ಮರಳನ್ನೇ ಹಿಡಿದು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಕಡಲು ದಂಡೆಯನ್ನು ಕೊರೆಯುವ ನೆಲದಲ್ಲಿ ಈ ಹಿಡಿತ ಸಣ್ಣದಲ್ಲ. ಕುಂಡದ ಮರ ಬೇಕೆನ್ನುವವರಿಗೆ ಗಾಳಿಮರದ ಬೀಜಕ್ಕೆ ಬರವಿಲ್ಲ. ಬೇರಿನ ಮಣ್ಣು ಮರಕ್ಕೆಷ್ಟು ಬೇಕೋ, ಮಣ್ಣಿಗೆ ಬೇರೂ ಅಷ್ಟೇ ಬೇಕು.