ಹೆಬ್ಬಾಳಕ್ಕೆ ಬಂದ ಹೊರನಾಡಿನ ಆಚಾರ್ಯರು

ಕೃಷಿಬೋಧನೆಗೆಂದು ಪರದೇಶದ ಆಚಾರ್ಯರನ್ನು ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ಕರೆಯಿಸುವುದೂ ನಮ್ಮವರನ್ನು ಅಲ್ಲಿಗೆ ಕಳುಹಿಸುವುದೂ ಈಗ ವಾಡಿಕೆಯಾಗಿದೆ. ಇದರ ಗುಣದೋಷಗಳನ್ನು ತೂಗಿ ನೋಡಲು ಹೆಬ್ಬಾಳದ ಚರಿತ್ರೆ ಒಳ್ಳೆಯ ನಿದರ್ಶನ.

1899ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಪ್ರಯೋಗಕ್ಷೇತ್ರಕ್ಕಾಗಿ ಅಲ್ಲಿ 30 ಎಕರೆ ನೆಲವನ್ನು ದಾನವಾಗಿತ್ತರು. ಮೊದಲ ರಸಾಯನಜ್ಞರಾದ ಲೇಮನ್ನರೂ, 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರೂ ಹೊರನಾಡಿನವರೇ. ಆದರೆ ಕೋಲ್ಮನ್ನರು ಬಂದುಹೋಗುವ ಅತಿಥಿಗಳಾಗಿರಲಿಲ್ಲ. ಮೈಸೂರಿನೊಡನೆ ಅವರ ಸಂಬಂಧ 1934ರವರೆಗೂ ಸಾಗಿತು. ಅಡಕೆಯ ಕೊಳೆರೋಗದ ವಿಷಯದಲ್ಲಿ ಅವರು ಪಟ್ಟ ಶ್ರಮವನ್ನು ಮಲೆನಾಡು ಇಂದಿಗೂ ಮರೆತಿಲ್ಲ. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ತೋಟಿಗರನ್ನು ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣಕ್ಕೆ ಒಲಿಸಬೇಕಾಗಿತ್ತು. ಅದನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಮಳೆಗಾಲದ ನಡುವೆ ಬಿಡುವು ನೋಡಿ ಇನ್ನೊಮ್ಮೆ ಸಿಂಪಡಿಸಬೇಕು. ಫಲ ತಿಳಿಯುವುದು ಕೊಯಿಲಿನಲ್ಲಿ. ಒಂದು ವರ್ಷ ನಷ್ಟಪಟ್ಟವನು ಮರುವರ್ಷ ಪ್ರಶ್ನೆ ಕೇಳಿದಾಗ ಉತ್ತರಿಸಲು ಗುರು ಊರಿನಲ್ಲಿಯೇ ಇರಬೇಕಷ್ಟೆ.

ಸ್ವಾತಂತ್ರ್ಯಾನಂತರ ಕ್ರಮ ಬದಲಾಯಿತು. ಅಮೆರಿಕದಲ್ಲಿ 1862ರ ಮೊರಿಲ್ ಶಾಸನದಿಂದ ಬೆಳೆದ ಭೂದತ್ತಿ ಕಾಲೇಜುಗಳು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಆಡಳಿತದಲ್ಲಿಟ್ಟಿದ್ದವು. ಆ ಮಾದರಿಯಲ್ಲಿ 1960ರಲ್ಲಿ ಪಂತನಗರದ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಗಳು ಆರಂಭವಾದವು. ಬೆಂಗಳೂರಿನ ಮೊದಲ ಕುಲಪತಿ ಡಾ. ಕೆ. ಸಿ. ನಾಯಕ್, ನೆರವಿಗೆ ನಿಂತುದು ಟೆನೆಸೀ ವಿಶ್ವವಿದ್ಯಾನಿಲಯ. ಇಂತಹ ಒಪ್ಪಂದಗಳಲ್ಲಿ ವರ್ಷಗಟ್ಟಲೆ ನಿಲ್ಲುವ ಆಚಾರ್ಯರೂ ಕೆಲವೇ ತಿಂಗಳಿಗೆ ಬರುವ ತಜ್ಞರೂ ಇರುತ್ತಿದ್ದರು. ಜೊತೆಗೆ ಇಲ್ಲಿನ ಅಧ್ಯಾಪಕರು ಅಲ್ಲಿಗೆ ಓದಲು ಹೋಗುತ್ತಿದ್ದರು.

ತೊಡಕು ಇರುವುದು ಪಂಚಾಂಗದಲ್ಲಿ. ಅಮೆರಿಕದ ಪ್ರಾಧ್ಯಾಪಕನಿಗೆ ಬಿಡುವು ದೊರೆಯುವುದು ಜೂನ್‌ನಿಂದ ಆಗಸ್ಟಿನವರೆಗೆ. ಮೈಸೂರು ಸೀಮೆಯಲ್ಲಿ ಮಳೆಯಾಶ್ರಯದ ರಾಗಿಯನ್ನು ಬಿತ್ತುವುದು ಬಹುಮಟ್ಟಿಗೆ ಜುಲೈ, ಆಗಸ್ಟಿನಲ್ಲಿ. ಕೊಯ್ಯುವುದು ನವೆಂಬರ್, ಡಿಸೆಂಬರಿನಲ್ಲಿ. ಬೇಸಗೆಯ ರಜೆಗೆ ಬಂದವನು ಬಿತ್ತನೆಯನ್ನು ಕಂಡಾನು, ತೆನೆಯನ್ನು ಕಾಣನು. ಪ್ರಯೋಗಶಾಲೆಯ ಪಾಠಕ್ಕೆ ಇದರಿಂದ ಹಾನಿಯಿಲ್ಲ. ಬೇಸಾಯದ ಪಾಠ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧವನ್ನು ನಡೆಸುವ ಸ್ಥಳೀಯ ಅಧ್ಯಾಪಕನನ್ನು ಅತಿಥಿ ಬರುವ ಮೊದಲೇ ಗೊತ್ತುಮಾಡಿ, ಮೊದಲ ದಿನದಿಂದ ಹೊಲದಲ್ಲಿ ಜೊತೆಗೂಡಿಸಬೇಕಾಗುತ್ತದೆ. ವಿಮಾನದ ಟಿಕೇಟು, ವಸತಿಗಳ ಏರ್ಪಾಡಿಗೆ ಸಿಗುವ ಗಮನ ಈ ಆಯ್ಕೆಗೆ ಸಿಗುವುದು ವಿರಳ.

1964ರ ವ್ಯವಸ್ಥೆಯಲ್ಲಿ ಹೆಚ್ಚು ಬಾಳಿಕೆ ಬಂದುದು, ಆದಕಾರಣ, ಅತಿಥಿಗಳ ಉಪನ್ಯಾಸಗಳಲ್ಲ. ಕಲಿಸಿದವನೇ ಪರೀಕ್ಷಿಸುವ ಕ್ರಮ, ಹಾಗೂ ಓದಿ ಹಿಂದಿರುಗಿ ಹೆಬ್ಬಾಳ, ಧಾರವಾಡಗಳ ತರಗತಿಗಳಲ್ಲಿ ನಿಂತ ಅಧ್ಯಾಪಕರು. 1986ರಲ್ಲಿ ಧಾರವಾಡ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು.